ಹಿಂದಿನ ಸೀಟಿನ ಬಯಲುಸೀಮೆ

ಬಯಲುಸೀಮೆಯನ್ನು ನೋಡಲು ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿಗಿಂತ ಒಳ್ಳೆಯ ಜಾಗವಿಲ್ಲ. ಗಾಡಿ ಓಡಿಸುವವರ ಕಣ್ಣು ರಸ್ತೆ ಬಿಟ್ಟು ಅಲ್ಲಾಡುವಂತಿಲ್ಲ. ಗುಂಡಿ, ಹಂಪು, ಎದುರು ಬರುವ ಲಾರಿ, ಅಡ್ಡ ನುಗ್ಗುವ ಆಡಿನ ಮರಿ, ಇಷ್ಟರಲ್ಲೇ ಅವರ ಲೋಕ ಮುಗಿಯುತ್ತದೆ. ಹಿಂದೆ ಕೂತವಳಿಗೆ ಎರಡೂ ಪಕ್ಕದ ನೆಲ ಸಿಗುತ್ತದೆ, ಮೇಲಿನ ಆಕಾಶವೂ ಸಿಗುತ್ತದೆ. ಕಾರಿನ ಕಿಟಕಿಯ ಗಾಜಿಲ್ಲ, ಬಸ್ಸಿನ ಸರಳಿಲ್ಲ. ದೂರದ ಗುಡ್ಡವೊಂದು ಮೂಡಿ, ಪಕ್ಕಕ್ಕೆ ಬಂದು, ಬೆನ್ನ ಹಿಂದೆ ಸರಿಯುವವರೆಗೂ ಅದನ್ನೇ ನೋಡುತ್ತಾ ಕೂರಬಹುದು.

ನನಗಿದು ಗೊತ್ತಾಗಿದ್ದು ಶಿರಾಡಿ ಘಾಟಿ ಮುಚ್ಚಿದ್ದರಿಂದ. ಮೈಸೂರಿನಿಂದ ಹೊರಟಾಗ ನಮ್ಮ ಗುರಿ ಕರಾವಳಿ. ಸಕಲೇಶಪುರದ ಮೇಲೆ ಘಾಟಿ ಇಳಿದು, ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಇರುವ ಆ ರಸ್ತೆಯಲ್ಲಿ ನಿಧಾನವಾಗಿ ಸಾಗಿ, ಗೋಕರ್ಣದಲ್ಲಿ ಕಾಲು ಚಾಚುವುದೆಂದು ಮಾತಾಗಿತ್ತು. ಹಾಸನದಲ್ಲಿ ತಿಂಡಿಗೆ ಕೂತಾಗ ಪಕ್ಕದ ಮೇಜಿನ ಲಾರಿ ಡ್ರೈವರ್ ಸುದ್ದಿ ಕೊಟ್ಟರು. ದೊಡ್ಡತಪ್ಪಲಿನ ಹತ್ತಿರ ಗುಡ್ಡ ಜಾರಿದೆ, ಮಣ್ಣು ತೆಗೆಯುವವರೆಗೆ ಯಾರನ್ನೂ ಬಿಡುತ್ತಿಲ್ಲ. ಚಾರ್ಮಾಡಿಯಲ್ಲೂ ಮರ ಬಿದ್ದಿವೆ, ಈ ಮಳೆಯಲ್ಲಿ ಎರಡು ಚಕ್ರ ನಂಬಿ ಹೋಗಬೇಡಿ ಎಂದರು. ನಮ್ಮವರು ಕಾಫಿ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಕಣೇ. ಅರಸೀಕೆರೆ ಕಡೆ ತಿರುಗಿಸ್ಲಾ?" ಅಂದರು. "ತಿರುಗಿಸಿ" ಅಂದೆ.

ನಮ್ಮದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1961ರಲ್ಲಿ ಜಾವಾ ಹೆಸರಿನಲ್ಲಿ ಮೋಟಾರ್‌ಸೈಕಲ್ ಮಾಡಲು ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಆದರೆ ಅಲ್ಲಿ ಹುಟ್ಟಿದ ಗಾಡಿಗಳು ನಮ್ಮ ಬೀದಿಗಳಲ್ಲಿ ಇವತ್ತಿಗೂ ಗುಡುಗುತ್ತಿವೆ. ಕಿಕ್ಕರ್ ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಗುಚಿ ಗೇರ್ ಹಾಕುವುದನ್ನು ಕಂಡರೆ ಹೊಸ ಗಾಡಿಯ ಹುಡುಗರು ಬೆರಗಾಗುತ್ತಾರೆ. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಎರಡು ಸೈಲೆನ್ಸರಿನಿಂದ ಬರುವ ಆ ಸುಟ್ಟ ಎಣ್ಣೆಯ ವಾಸನೆ ನಮ್ಮ ಮದುವೆಯಷ್ಟೇ ಹಳೆಯದು. ಮೊದಮೊದಲು ಸೀರೆಯುಟ್ಟು, ಸೀರೆ ಗಾರ್ಡಿನ ಕಡೆಗೆ ಎರಡೂ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಆಗೆಲ್ಲ ರಸ್ತೆಯ ಎಡಗಡೆಯ ಊರುಗಳಷ್ಟೇ ನನ್ನ ಪಾಲಿಗೆ. ಚೂಡಿದಾರ್ ಹಾಕಿ ಎರಡು ಕಡೆಗೂ ಕಾಲು ಹಾಕಿ ಕೂತ ದಿನ ಬಲಗಡೆಯೂ ನನ್ನದಾಯಿತು. ನಮ್ಮತ್ತೆಯ ಕಾಲದ ಹೆಂಗಸರಿಗೆ ಆ ಬಲಗಡೆ ಸಿಗಲೇ ಇಲ್ಲವಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಅರಸೀಕೆರೆಯ ಶಿವಾಲಯದ ಮುಂದೆ ನಿಂತೆವು. 1220ರ ಹೊಯ್ಸಳ ಗುಡಿ. ನಕ್ಷತ್ರದ ಮೂಲೆಮೂಲೆಯಾಗಿ ಚಾಚಿಕೊಂಡ ಅದರ ಮುಂದಿನ ಮಂಟಪದಂಥದ್ದು ಬೇರೆಲ್ಲೂ ನಾನು ಕಂಡಿಲ್ಲ. ಬೇಲೂರಿಗೆ ಬರುವ ಜನದಲ್ಲಿ ಕಾಲುಭಾಗವಾದರೂ ಇಲ್ಲಿಗೆ ಬರಬೇಕು. ಊರು ದಾಟಿದ ಮೇಲೆ ತೆಂಗಿನ ತೋಟಗಳು ಒಂದಿಷ್ಟು ದೂರ ಜೊತೆ ಬಂದವು. ಆಮೇಲೆ ಒಂದೊಂದೇ ತೆಳುವಾಗಿ ಹೊಸದುರ್ಗದ ಸೀಮೆ ಬಿಚ್ಚಿಕೊಂಡಿತು. ಅಲ್ಲಿಂದ ಶುರು ಗಾಳಿ.

ಗಾಳಿ ಎಂದರೆ ಆಷಾಢದ ಗಾಳಿ. ಹೆಲ್ಮೆಟ್ಟಿನೊಳಗೆ ಹೊಕ್ಕು ಕಿವಿಯಲ್ಲಿ ಊದುತ್ತದೆ, ದುಪಟ್ಟಾ ಎಷ್ಟು ಬಿಗಿದರೂ ಎಳೆಯುತ್ತದೆ. ಗುಡ್ಡದ ನೆತ್ತಿಗಳಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳು ಒಂದೂ ಬಿಡದೆ ತಿರುಗುತ್ತಿದ್ದವು. ಅವನ್ನು ನೋಡುತ್ತಾ ಕೂತಾಗ ನನಗೆ ಹೊಳೆಯಿತು: ನಮ್ಮ ದಾರಿ ಮುಚ್ಚಿದ ಗಾಳಿಯೇ ಇದು. ಅರಬ್ಬೀ ಸಮುದ್ರದಿಂದ ಹೊರಟು, ಘಟ್ಟಕ್ಕೆ ಢಿಕ್ಕಿ ಹೊಡೆದು, ಹೊತ್ತು ತಂದ ನೀರನ್ನೆಲ್ಲ ಶಿರಾಡಿಯ ನೆತ್ತಿಯ ಮೇಲೆ ಸುರಿದು ಹಗುರಾಗಿ ಇಲ್ಲಿಗೆ ಬಂದಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ 500ರ ಆಸುಪಾಸು ಬಂದರೆ ಒಳ್ಳೆಯ ವರ್ಷ. ಇಲ್ಲಿಯ ರೈತ ಮೋಡ ಪೂರ್ವಕ್ಕೆ ಓಡುವುದನ್ನು ತಲೆಯೆತ್ತಿ ನೋಡುತ್ತಾನೆ, ನಿಲ್ಲು ಎನ್ನಲಾರ. ಹೊಲದಲ್ಲಿ ಬೆರಳುದ್ದ ಎದ್ದಿದ್ದ ಶೇಂಗಾ ಗಿಡಗಳನ್ನು ಕಂಡು, ಒಂದು ಹದ ಮಳೆಯಾದರೂ ಇವಕ್ಕೆ ಬೀಳಲಿ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ.

ಹಿರಿಯೂರಿಗೆ ಮುಂಚೆ ಮಾರಿಕಣಿವೆ. ನಮ್ಮಿಬ್ಬರ ಮಾತೂ ನಿಂತದ್ದು ಅಲ್ಲಿ. ಎರಡು ಗುಡ್ಡಗಳ ನಡುವಿನ ಸಂದಿಗೆ ಕಲ್ಲಿನ ಗೋಡೆ ಕಟ್ಟಿ ವೇದಾವತಿಯನ್ನು ಹಿಡಿದಿದ್ದಾರೆ. 1907ರಲ್ಲಿ ಮುಗಿದ ಕೆಲಸ, ನಮ್ಮ ಕನ್ನಂಬಾಡಿಗಿಂತ ಹಿರಿಯ ಅಣೆಕಟ್ಟು. ಮಗ ಚಿಕ್ಕವನಿದ್ದಾಗ ರಾಜ್ಯಭಾರ ನೋಡಿಕೊಂಡ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕಿದೆ. ಮೈಸೂರಿನಲ್ಲಿ ಆ ಹೆಸರನ್ನು ದಿನಾ ಕೇಳುವ ನನಗೆ ಇಷ್ಟು ದೂರದ ಬರದ ನಾಡಿನಲ್ಲಿ ಅದರ ದೊಡ್ಡ ಗುರುತು ಕಂಡು ಎದೆ ತುಂಬಿತು. ಬಾಬಾಬುಡನ್‌ಗಿರಿಯ ಕಡೆ ಹುಟ್ಟುವ ನದಿ ಇದು; ಘಟ್ಟದ ಆ ಮಳೆಯಲ್ಲಿ ಈ ಸೀಮೆಗೆ ದಕ್ಕುವ ಒಂದು ಬೊಗಸೆ. ಈಗ ಭದ್ರೆಯ ನೀರೂ ಬಂದು ಕೂಡುತ್ತದೆ. 1933ರಲ್ಲಿ ತುಂಬಿ ಕೋಡಿ ಹರಿದದ್ದು ಮತ್ತೆ ಹರಿದದ್ದು 2022ರಲ್ಲಿ, 89 ವರ್ಷದ ಮೇಲೆ. ಕಣಿವೆ ಮಾರಮ್ಮನ ಗುಡಿಯ ಹತ್ತಿರ ಹೂವು ಮಾರುತ್ತಿದ್ದ ಅಜ್ಜಿ ಆ ದಿನದ ಮಾತು ತೆಗೆದರು. "ನಮ್ಮಪ್ಪ ಕೋಡಿ ಬಿದ್ದದ್ದ ಕಂಡಿದ್ನಂತೆ. ನಾ ಕಾಣ್ತೀನಿ ಅಂತ ಅನ್ಕಂಡಿರ್ಲಿಲ್ಲ ಕಣವ್ವ" ಎಂದು ಕಣ್ಣೊರೆಸಿಕೊಂಡರು. ತಗೊಂಡ ಮೊಳ ಸೇವಂತಿಗೆಯನ್ನು ನಾನು ಮುಡಿಯಲಿಲ್ಲ, ಹೆಲ್ಮೆಟ್ಟಿಗೆ ನಲುಗುತ್ತದೆಂದು ಅಮ್ಮನಿಗೇ ಏರಿಸಿದೆ.

ಹಿರಿಯೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಚಿತ್ರದುರ್ಗದ ಕೋಟೆ ಮೊದಲೇ ಕಂಡದ್ದಾದ್ದರಿಂದ ಆ ಕಡೆ ಹೊರಳದೆ ಚಳ್ಳಕೆರೆಯ ದಾರಿ ಹಿಡಿದೆವು.

ಚಳ್ಳಕೆರೆ ದಾಟಿದ ಮೇಲೆ ಒಂದು ಕಡೆ ನಾನು ಭುಜವನ್ನು ಎರಡು ಸಲ ತಟ್ಟಿದೆ. ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸಿ ಎಂದು ನಮ್ಮಲ್ಲಿ ರೂಢಿ. ಕಾವಲಿನ ಹುಲ್ಲಿನಲ್ಲಿ ದನಗಳ ದೊಡ್ಡ ಹಿಂಡು, ಎತ್ತರದ ಕೊಂಬು, ಬಿಗಿಯಾದ ಮೈ. ಕಾಯುತ್ತಿದ್ದವರು ದೂರದಿಂದಲೇ ಕೈಯೆತ್ತಿ, "ಎಂಜಿನ್ ಆಫ್ ಮಾಡ್ರಪ್ಪಾ, ಬೆದರ್ತಾವೆ" ಎಂದರು. ಮ್ಯಾಸಬೇಡರ ದೇವರ ಎತ್ತುಗಳು ಅವು, ಅವರು ಕಿಲಾರಿ. ಈ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ, ಮಾರುವುದಂತೂ ಇಲ್ಲ. ಬದುಕಿರುವಷ್ಟು ದಿನ ಪೂಜೆ, ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು. ಮೇವು ಸಾಕಾಗುತ್ತದಾ ಎಂದು ಕೇಳಿದೆ. ಅವರು ಕೋಲಿನಿಂದ ದೂರದ ಬೇಲಿ ತೋರಿಸಿದರು. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ವಿಜ್ಞಾನ ಬೇಡ ಎನ್ನುವವಳಲ್ಲ ನಾನು. ಆದರೆ ಮರವಿಲ್ಲದ ನೆಲವನ್ನೆಲ್ಲ ಬಂಜರು ಎಂದು ಬರೆದುಬಿಡುವ ಕಣ್ಣಿಗೆ ಈ ಹುಲ್ಲನ್ನು ಒಂದು ದಿನ ತೋರಿಸಬೇಕು. ಅಷ್ಟು ಹೊತ್ತಿನಲ್ಲಿ ನಾನು ಕಂಡ ಬಗೆಬಗೆಯ ಹುಲ್ಲು, ಚಿಟ್ಟೆ, ನೆಲಗುಬ್ಬಿಗಳು ಯಾವ ತೋಟದಲ್ಲೂ ಸಿಗುವಂಥವಲ್ಲ.

ಬ್ರಹ್ಮಗಿರಿಗೆ ಬಂದಾಗ ಬಿಸಿಲು ಇಳಿದಿತ್ತು. ಅಶೋಕನ ಶಾಸನವಿರುವ ಬಂಡೆಯನ್ನು ಹಿಂದೆ ಅಕ್ಷರ ಗುಂಡು ಎನ್ನುತ್ತಿದ್ದರಂತೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇದನ್ನು ಲೋಕಕ್ಕೆ ತಿಳಿಸುವವರೆಗೆ ಸುತ್ತಲಿನ ಜನಕ್ಕೆ ಅದು ಶಕ್ತಿಯಿರುವ ಕಲ್ಲು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿಡಿ, ನಿಜ ನುಡಿಯಿರಿ ಎಂದು ಅದು ಹೇಳುತ್ತದೆ. ಅದರಲ್ಲಿ ಕೆತ್ತಿದ 256 ಎಂಬ ಅಂಕಿಯನ್ನು, ದೊರೆ ಪ್ರಯಾಣದಲ್ಲಿ ಕಳೆದ ರಾತ್ರಿಗಳು ಎಂದು ಹಲವು ವಿದ್ವಾಂಸರು ಓದುತ್ತಾರೆ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಗಾಂಧಾರದ ಕಡೆಯ ಬರಹ ಅದು. ಅಲ್ಲಿಂದ ಇಲ್ಲಿಯವರೆಗೆ ಆತನೂ ಎಷ್ಟು ಗಾಳಿ ಕುಡಿದು ಬಂದನೋ! ಎಂಥೆಂಥ ಬಯಲು ದಾಟಿದನೋ! ನಮ್ಮವರು ಬಂಡೆಯ ಪಕ್ಕ ಕೂತು ಇದನ್ನೆಲ್ಲ ಕೇಳಿದರು. ಇಡೀ ದಿನ ರಸ್ತೆಯನ್ನಷ್ಟೇ ನೋಡಿದವರಿಗೆ ನಾನು ಕಂಡ ಎರಡು ಪಕ್ಕಗಳನ್ನೂ ಒಂದೊಂದಾಗಿ ಹೇಳುತ್ತಾ ಹೋದೆ.

ಎದುರಿಗೆ ಜಟಿಂಗ ರಾಮೇಶ್ವರದ ಬೆಟ್ಟ. ಅಲ್ಲೂ ಗುಡಿಯ ಮೆಟ್ಟಿಲ ಮುಂದೆ ಅಶೋಕನ ಇನ್ನೊಂದು ಶಾಸನವಿದೆ, ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹರಡುತ್ತಿದ್ದರಂತೆ ಎಂದೆ. ನಮ್ಮವರು ಎದ್ದು ಪ್ಯಾಂಟಿನ ಧೂಳು ಕೊಡವಿದರು. "ನಾಳೆ ಬಿಸಿಲೇರೋ ಮುಂಚೆ ಹತ್ತೋಣ. ಆಮೇಲೆ ಮೊಳಕಾಲ್ಮೂರಲ್ಲಿ ನಿಂಗೊಂದು ಸೀರೆ. ಈಗ ರಾಂಪುರದಲ್ಲಿ ರೂಮ್ ಸಿಗುತ್ತಾ ವಿಚಾರಿಸೋಣ ನಡಿ" ಎಂದು ಕಿಕ್ಕರ್ ಒದ್ದರು.