ಅಳ್ವೆಕೋಡಿಯ ದಂಡೆಯಿಂದ ಹಡಗಿನ ಕಿಟಕಿಯವರೆಗೆ

ಶಿರಾಲಿ ಎಂದೊಡನೆ ದೂರದ ಊರಿನವರಿಗೆ ನೆನಪಾಗುವುದು ಚಿತ್ರಾಪುರ ಮಠ. ಚಿತ್ರಾಪುರ ಸಾರಸ್ವತ ಸಮಾಜದ ಗುರುಪೀಠವೂ ಭವಾನಿಶಂಕರನ ಸನ್ನಿಧಿಯೂ ಇರುವ ಈ ಊರು ಭಟ್ಕಳಕ್ಕೂ ಮುರುಡೇಶ್ವರಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇದೆ. ಪೂರ್ವಕ್ಕೆ ತಿರುಗಿದರೆ ಸಹ್ಯಾದ್ರಿಯ ಹಸಿರು ಗೋಡೆ. ಪಶ್ಚಿಮಕ್ಕೆ ತೆಂಗು, ಗದ್ದೆ, ಅಳಿವೆ, ಅದರಾಚೆ ಅಳ್ವೆಕೋಡಿಯ ದಂಡೆ. ಹಾನಗಲ್ಲ ಸೀಮೆಯವರಾದ ನಮ್ಮ ತಂದೆಯವರು 1978ರಲ್ಲಿ ಇಲ್ಲಿಗೆ ಬಂದು ಕಿರಾಣಿ ಅಂಗಡಿ ಇಟ್ಟರು. ಘಟ್ಟದ ಮೇಲಿನ ಬ್ಯಾಡಗಿ ಮೆಣಸಿನಕಾಯಿಯೂ ಜೋಳವೂ ಕೆಳಗೆ ಬರುತ್ತಿದ್ದವು. ಇಲ್ಲಿಯ ತೆಂಗಿನಕಾಯಿ ಮೇಲೆ ಹೋಗುತ್ತಿತ್ತು. ಮನೆಯಲ್ಲಿ ರೊಟ್ಟಿಯ ಬಡಿತದ ಸದ್ದು, ಹೊರಗೆ ಸಮುದ್ರದ ಸದ್ದು. ಎರಡರ ನಡುವೆ ನಾವು ಬೆಳೆದೆವು.

ಅಂಗಡಿಗೆ ರಜೆಯಿದ್ದ ಸಂಜೆ ತಂದೆಯವರು ದಂಡೆಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ದಿಗಂತದಲ್ಲಿ ಹಡಗೊಂದು ಕಂಡರೆ, ಅದರಲ್ಲಿ ಕುಳಿತವರಿಗೆ ನಮ್ಮೂರು ಹೇಗೆ ಕಾಣುತ್ತಿರಬಹುದೆಂದು ಕೇಳುತ್ತಿದ್ದರು. ಒಮ್ಮೆಯಾದರೂ ಹೋಗಿ ನೋಡಬೇಕು ಎಂಬುದು ಅವರ ಮಾತು. ಅವರು ಲಿಂಗೈಕ್ಯರಾಗಿ ಆರು ವರ್ಷಗಳಾದವು. ಆ ಆಸೆ ಈಗ ನಮ್ಮ ತಾಯಿಯವರದಾಗಿದೆ. “ದಂಡಿ ಮ್ಯಾಲೆ ನಿಂತು ಸಮುದ್ರ ನೋಡಿದ್ದು ಸಾಕಾತು ತಮ್ಮಾ. ಸಮುದ್ರದಾಗ ನಿಂತು ದಂಡಿ ನೋಡಬೇಕು” ಎಂದು ಅವರು ಒಂದು ಸಂಜೆ ಹೇಳಿದಾಗ ಅವರಿಗೆ 78 ವರ್ಷ ವಯಸ್ಸು.

ಮಾತು ಬೆಂಗಳೂರಿನಲ್ಲಿರುವ ನನ್ನ ಮಗನ ಕಿವಿಗೆ ಬಿತ್ತು. ಮರುದಿನವೇ ಅವನ ದೂರವಾಣಿ ಕರೆ. “ಅಪ್ಪಾ, ಅಜ್ಜಿಗೆ ಬಾಲ್ಕನಿ ಇರೋ ಕೋಣೆನೇ ಆಗಬೇಕು. ಹಣ ನಾನು ಕಳಿಸ್ತೀನಿ.” ಇಲ್ಲಿಂದ ನಮ್ಮ ಮನೆಯಲ್ಲಿ ಒಂದು ತಿಂಗಳ ಚರ್ಚೆ ಆರಂಭವಾಯಿತು.

ಈ ಕರಾವಳಿಗೆ ಹಡಗು ಹೊಸತಲ್ಲ. ಕೆಳದಿಯ ಅರಸರ ಕಾಲದಲ್ಲಿ ಹೊನ್ನಾವರ, ಭಟ್ಕಳಗಳಿಂದ ಕಾಳುಮೆಣಸು, ಅಕ್ಕಿ ಹಡಗೇರುತ್ತಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಗೋವೆಯಿಂದ ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಸಾಗಿ, ಘಟ್ಟ ಹತ್ತಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡನು. ಅಮೆರಿಕೆಯಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ, ಧಾರವಾಡದ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗೇರಿತು. ಆ ಹತ್ತಿಯ ಒಂದು ಜಾತಿಗೆ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು ನಿಂತಿತು. ನಮ್ಮ ಒಕ್ಕಲು ಮನೆತನಗಳ ಹೊಲದ ಹತ್ತಿ ಕಂಡ ಸಮುದ್ರವನ್ನು ಆ ಮನೆತನಗಳು ಕಾಣಲಿಲ್ಲ! ಮುಂದೆ ಉಗಿಹಡಗುಗಳು ಮಳೆಗಾಲದಲ್ಲಿ ನಿಂತು, ಉಳಿದ ತಿಂಗಳುಗಳಲ್ಲಿ ಮುಂಬಯಿಗೆ ಜನರನ್ನು ಒಯ್ದವು. ಹಣವಂತರಿಗೆ ಮೇಲ್ದರ್ಜೆಯ ಕೋಣೆ, ಮಿಕ್ಕವರಿಗೆ ತೆರೆದ ಅಟ್ಟದ ಮೇಲೆ ಸ್ವಂತ ಚಾಪೆ. ಯಾವ ದರ್ಜೆಯೆಂಬ ಪ್ರಶ್ನೆ ಅಂದೂ ಇತ್ತು. ರಸ್ತೆಗಳು ಬಂದು, 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಮೇಲೆ, ಊರಿಗೆ ಹೋಗಲು ಹಡಗು ಬೇಕಿಲ್ಲ. ಈಗ ಹಡಗೇರುವುದು ಹಡಗಿಗಾಗಿಯೇ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಎಂಬ ಸಂಸ್ಥೆ ‘ಎಂಪ್ರೆಸ್’ ಹಡಗನ್ನು ಮುಂಬಯಿಯಿಂದ ಓಡಿಸತೊಡಗಿದ ಮೇಲೆ ಇಂಥ ವಿಹಾರಯಾನದ ಮಾತು ನಮ್ಮ ಮಧ್ಯಮವರ್ಗದ ಮನೆಗಳಲ್ಲೂ ಕೇಳಿಬರುತ್ತಿದೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಆ ಹಡಗು ಹಳೆಯ ಕಾಲದ್ದಾದ್ದರಿಂದ ಅದರಲ್ಲಿ ಬಾಲ್ಕನಿಯ ಕೋಣೆಗಳು ಕಡಿಮೆ. ಈಚಿನ ಹಡಗುಗಳಲ್ಲಿ ಅವೇ ಹೆಚ್ಚು.

ನಾವು ಆರಿಸಿಕೊಂಡದ್ದು ಮುಂಬಯಿಯಿಂದ ಗೋವೆಗೆ, ಅಲ್ಲಿಂದ ಕೊಚ್ಚಿಗೆ ಹೋಗುವ ಮೂರು ರಾತ್ರಿಗಳ ಯಾನ. ತಾಯಿಯವರು, ನನ್ನ ಪತ್ನಿ, ನಾನು, ಮೂವರಿಗೆ ಒಂದೇ ಕೋಣೆ. ತೆರಿಗೆ, ಬಂದರು ಶುಲ್ಕ ಬಿಟ್ಟು, ಕಿಟಕಿಯೇ ಇಲ್ಲದ ಒಳಕೋಣೆಗೆ 66 ಸಾವಿರ ರೂಪಾಯಿ. ಬಾಲ್ಕನಿಯ ಕೋಣೆಗೆ 1 ಲಕ್ಷ 21 ಸಾವಿರ. ಇವೆರಡೇ ಇರುವುವೆಂಬಂತೆ ಏಜೆಂಟರು ದೂರವಾಣಿಯಲ್ಲಿ ಮಾತನಾಡಿದರು. ಊಟ, ನಾಟಕಶಾಲೆ, ಮೇಲಿನ ಅಟ್ಟ, ಈಜುಕೊಳ ಇವೆಲ್ಲ ಎರಡೂ ಕೋಣೆಯವರಿಗೆ ಸಮಾನ. ಹೆಚ್ಚಿನ 55 ಸಾವಿರಕ್ಕೆ ದೊರೆಯುವುದು ಎರಡು ಕುರ್ಚಿ ಹಿಡಿಯುವಷ್ಟು ಜಾಗ, ಗಾಳಿ, ಸಮುದ್ರದ ಸದ್ದು.

ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವನು ನಾನು. ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ಹಡಗು ಮುಂಬಯಿ ಬಿಡುವುದು ಸಂಜೆ. ಕತ್ತಲಾಗಲು ಎರಡು ಗಂಟೆ. ಮರುದಿನ ಗೋವೆಯಲ್ಲಿ ಇಳಿದು ತಿರುಗಾಟ. ಮೂರನೆಯ ದಿನವೊಂದೇ ಪೂರ್ತಿ ಸಮುದ್ರದ ಮೇಲೆ. ಊಟ, ವಿಶ್ರಾಂತಿ, ಮನೋರಂಜನೆ ಕಳೆದರೆ, ಬೆಳಕಿರುವಾಗ ಬಾಲ್ಕನಿಯಲ್ಲಿ ನಾವು ನಿಜವಾಗಿ ಕುಳಿತುಕೊಳ್ಳುವುದು ಹೆಚ್ಚೆಂದರೆ ಹನ್ನೆರಡು ಗಂಟೆ. ಗಂಟೆಗೆ ನಾಲ್ಕೂವರೆ ಸಾವಿರ ರೂಪಾಯಿಯ ಮೇಲಾಯಿತು! ಲೆಕ್ಕ ಕೇಳಿದ ತಾಯಿಯವರು, “ಅಷ್ಟು ರೊಕ್ಕಕ್ಕ ಗಾಳಿ ಕೊಳ್ಳೂದಾ? ಅಳ್ವೆಕೋಡ್ಯಾಗ ಪುಕ್ಕಟೆ ಬೀಸತೈತಿ” ಎಂದು ಮಾತು ಮುಗಿಸಿದರು.

ಆದರೆ ಒಳಕೋಣೆಯನ್ನು ಒಪ್ಪಲು ನನ್ನ ಪತ್ನಿಗೆ ಮನಸ್ಸಾಗಲಿಲ್ಲ. ಆಕೆ ತೆಗೆದ ಪ್ರಶ್ನೆ ನನ್ನ ಗಣಿತಕ್ಕೆ ಸಿಕ್ಕಿರಲಿಲ್ಲ. “ಅತ್ತಿಯವರು ಬೆಳಕು ಹರಿಯೂದು ನೋಡಿ ಏಳತಾರ. ಕಿಟಕಿ ಇಲ್ಲದ ಖೋಲ್ಯಾಗ ಬೆಳಗಾತು ಅಂತ ಹ್ಯಾಂಗ ತಿಳೀಬೇಕು? ಪೂಜಿ ಯಾವಾಗ ಮಾಡಬೇಕು?” ಒಳಕೋಣೆಯಲ್ಲಿ ದೀಪ ಆರಿಸಿದರೆ ಹಗಲು ಹನ್ನೆರಡಕ್ಕೂ ಕಗ್ಗತ್ತಲೆ. ಚೆನ್ನಾಗಿ ನಿದ್ರೆ ಬರುತ್ತದೆಂದು ಅದನ್ನೇ ಮೆಚ್ಚುವವರೂ ಇದ್ದಾರೆ. ತರುಣರಿಗೆ, ಮಲಗಲು ಮಾತ್ರ ಕೋಣೆಗೆ ಬರುವವರಿಗೆ ಅದು ಸಾಕು. ನಸುಕಿನಲ್ಲೆದ್ದು ಕರಡಿಗೆ ಬಿಚ್ಚಿ ಅಂಗೈಯಲ್ಲಿ ಇಷ್ಟಲಿಂಗವಿರಿಸಿ ಕುಳಿತುಕೊಳ್ಳುವ ಹಿರಿಯ ಜೀವಕ್ಕೆ ಸಾಕೇ? ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಯಾವ ದರ್ಜೆಯ ಕೋಣೆಯಾದರೂ ಹಡಗಿನಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ. ನೀರಿನ ನಡುವೆ ಬೆಂಕಿಯ ಭಯವೇ ದೊಡ್ಡದು. ತಾಯಿಯವರು ಇದಕ್ಕೆ ಬೇಸರಪಡಲಿಲ್ಲ. ನೀರು, ವಿಭೂತಿ, ಪತ್ರೆ ಇದ್ದರಾಯಿತು ಎಂದರು.

ಇನ್ನೊಂದು ಅಂಜಿಕೆ ತಲೆಸುತ್ತಿನದು. ಘಟ್ಟದ ಬಸ್ಸಿನಲ್ಲಿಯೇ ಅವರಿಗೆ ಹೊಟ್ಟೆ ತೊಳಸುತ್ತದೆ. ಪರೀಕ್ಷೆಗೆಂದು ಒಂದು ಭಾನುವಾರ ಹೊನ್ನಾವರಕ್ಕೆ ಕರೆದೊಯ್ದು ಶರಾವತಿಯಲ್ಲಿ ದೋಣಿ ಹತ್ತಿಸಿದೆ. ಕಾಂಡ್ಲಾ ಗಿಡಗಳ ನಡುವೆ ದೋಣಿ ಸಾಗುವಾಗ ಏನೂ ಇಲ್ಲ. ಅಳಿವೆಯ ಕಡೆಗೆ ತಿರುಗಿ, ತೆರೆಯ ಏರಿಳಿತ ತಾಕಿದೊಡನೆ, ಮಾಡಿನ ಕೆಳಗೆ ತಲೆ ಬಗ್ಗಿಸಿ ಕುಳಿತಿದ್ದ ತಾಯಿಯವರ ಮುಖ ಬಿಳಿಚಿಕೊಂಡಿತು. ದೋಣಿಯವನು ಅನುಭವಿ. “ಅಮ್ಮ, ಮುಂದೆ ಬಂದು ಕೂತ್ಕೊಳಿ, ದೂರದ ಗುಡ್ಡ ನೋಡ್ತಾ ಇರಿ” ಎಂದು ಜಾಗ ಬದಲಿಸಿ ಕೂರಿಸಿದನು. ಐದು ನಿಮಿಷದಲ್ಲಿ ಅವರು ಕಾಸರಕೋಡಿನ ಗಾಳಿಮರಗಳನ್ನು ತೋರಿಸಿ ಪ್ರಶ್ನೆ ಕೇಳತೊಡಗಿದರು. ಕಿವಿಯೊಳಗಿನ ಸಮತೋಲದ ಅಂಗ ಅಲುಗಾಟವನ್ನು ಹೇಳುತ್ತದೆ, ಮುಚ್ಚಿದ ಜಾಗದಲ್ಲಿ ಕಣ್ಣು ಅದನ್ನು ಕಾಣುವುದಿಲ್ಲ. ಇವೆರಡರ ಸಾಕ್ಷ್ಯ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ದಿಗಂತ ಕಂಡರೆ ಎರಡೂ ಒಪ್ಪುತ್ತವೆ. ಪಾಠವಾಗಿ ಎಷ್ಟೋ ಸಲ ಓದಿದ್ದನ್ನು ಅಂದು ಕಣ್ಣಾರೆ ಕಂಡೆ.

ಹಾಗಾದರೆ ಬಾಲ್ಕನಿಯೇ ಸರಿಯೆಂದು ಮಗ ವಾದಿಸಿದನು. ಅಲ್ಲಿಯೂ ತೊಡಕಿತ್ತು. ಬಾಲ್ಕನಿಯ ಕೋಣೆಗಳು ಸಾಮಾನ್ಯವಾಗಿ ಮೇಲಿನ ಅಂತಸ್ತುಗಳಲ್ಲಿರುತ್ತವೆ. ಹಡಗು ತೊಟ್ಟಿಲಿನಂತೆ ತೂಗುವಾಗ ನೀರಿನ ಮಟ್ಟಕ್ಕೆ ಹತ್ತಿರವಿರುವ, ಹಡಗಿನ ಉದ್ದದ ನಡುಭಾಗದಲ್ಲಿರುವ ಕೋಣೆ ಅತಿ ಕಡಿಮೆ ಅಲುಗುತ್ತದೆ. ಮೇಲೆ ಹೋದಷ್ಟೂ, ಮುಂದಿನ ಹಿಂದಿನ ತುದಿಗೆ ಸರಿದಷ್ಟೂ ಓಲಾಟ ಹೆಚ್ಚು. ದುಬಾರಿ ಕೋಣೆಯೇ ಹೆಚ್ಚು ತೂಗುವ ಕೋಣೆಯೂ ಆಗಬಹುದೆಂಬುದು ಜಾಹೀರಾತಿನಲ್ಲಿ ಇರುವುದಿಲ್ಲ.

ಆಗ ಹಡಗಿನ ಅಂತಸ್ತುಗಳ ನಕ್ಷೆ ತರಿಸಿ ನೋಡಿದೆ. ಏಜೆಂಟರು ಹೇಳದೆ ಬಿಟ್ಟಿದ್ದ ಮೂರನೆಯ ದರ್ಜೆ ಅಲ್ಲಿತ್ತು: ತೆರೆಯಲು ಬಾರದ ದಪ್ಪ ಗಾಜಿನ ಕಿಟಕಿಯ, ಸಮುದ್ರ ಕಾಣುವ ಕೋಣೆ. ಕೆಳಗಿನ ಅಂತಸ್ತು, ನಡುಭಾಗ, 78 ಸಾವಿರ. ಒಳಕೋಣೆಗಿಂತ 12 ಸಾವಿರ ಹೆಚ್ಚು, ಬಾಲ್ಕನಿಗಿಂತ 43 ಸಾವಿರ ಕಡಿಮೆ. ನಕ್ಷೆ ನೋಡದೆ ಹಣ ಕಟ್ಟಬಾರದು ಎಂಬುದನ್ನು ಓದುಗರಿಗೆ ಒತ್ತಿ ಹೇಳುತ್ತೇನೆ. ಕೆಲವು ಕಿಟಕಿಗಳ ಮುಂದೆಯೇ ಜೀವರಕ್ಷಕ ದೋಣಿ ತೂಗುತ್ತಿರುತ್ತದೆ. ಸಮುದ್ರಕ್ಕೆಂದು ಹಣ ಕೊಟ್ಟು ದೋಣಿಯ ಹೊಟ್ಟೆ ನೋಡಬೇಕಾದೀತು. ಕೆಲವು ಕೋಣೆಗಳ ನೆತ್ತಿಯ ಮೇಲೆ ಕುಣಿತದ ಮನೆ. ಕೋಣೆಯ ಸಂಖ್ಯೆ ಹೇಳದೆ ಕಡಿಮೆ ದರಕ್ಕೆ ಮಾರುವ ಟಿಕೇಟೂ ಉಂಟು. ಅದರಲ್ಲಿ ಎಲ್ಲಿ ಬೀಳುವೆವೆಂಬುದು ಅದೃಷ್ಟ.

ದಿಕ್ಕು ನೋಡುವುದನ್ನೂ ಮರೆಯಲಿಲ್ಲ. ದಕ್ಷಿಣಕ್ಕೆ ಸಾಗುವ ಹಡಗಿಗೆ ನಮ್ಮ ಕರಾವಳಿ ಎಡಗಡೆ ಬರುತ್ತದೆ, ಸೂರ್ಯಾಸ್ತ ಬಲಗಡೆ. ಎಲ್ಲರೂ ಸೂರ್ಯಾಸ್ತ ಕೇಳುತ್ತಾರೆ. ನಾನು ಎಡಗಡೆಯ ಕೋಣೆ ಕೇಳಿದೆ.

ನವೆಂಬರಿನಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಮುಂಬಯಿಗೆ ಹೋದೆವು. ಕೋಣೆ ಚಿಕ್ಕದು, ಚೊಕ್ಕಟ. ಎರಡು ಹಾಸಿಗೆ ಕೆಳಗೆ. ಮೂರನೆಯದು ಗೋಡೆಯಿಂದ ಇಳಿಸುವ ಅಟ್ಟದ ಹಾಸಿಗೆ, ಏಣಿಯೊಡನೆ. ಅರವತ್ತೆರಡರ ನಾನು ರಾತ್ರಿ ಎರಡು ಸಲ ಆ ಏಣಿ ಇಳಿದು ಹತ್ತಿದ್ದು ಪತ್ನಿಗೆ ಯಾವ ನಾಟಕಕ್ಕಿಂತಲೂ ಹೆಚ್ಚಿನ ಮನೋರಂಜನೆಯಾಯಿತು. ಮೂವರಿಗೊಂದೇ ಕೋಣೆ ಎನ್ನುವವರು ಏಣಿ ಹತ್ತುವವರಾರೆಂದು ಮೊದಲೇ ತೀರ್ಮಾನಿಸುವುದು ಲೇಸು. ಊಟಕ್ಕೆ ಶಾಕಾಹಾರ ಪ್ರತ್ಯೇಕವಾಗಿ ದೊರೆಯಿತು. ಮೊದಲ ಬೆಳಗು ಗಾಜಿನಾಚೆ ಬೂದುಬಣ್ಣ ತಿಳಿಯಾದಾಗ ತಾಯಿಯವರು ಎದ್ದು, ಕಿಟಕಿಯತ್ತ ಮುಖ ಮಾಡಿ ಪೂಜೆಗೆ ಕುಳಿತರು. ಹಡಗು ಮೆಲ್ಲಗೆ ತೂಗುತ್ತಿತ್ತು. ಅವರ ಅಂಗೈ ಅಲುಗಲಿಲ್ಲ.

ಗೋವೆಯನ್ನು ಬಿಟ್ಟದ್ದು ಸಂಜೆ ಏಳಕ್ಕೆ. ಮುರ್ಮಗೋವೆಯಿಂದ ಭಟ್ಕಳದ ನೇರಕ್ಕೆ ಸುಮಾರು ನೂರು ನಾವಿಕ ಮೈಲಿ. ಹಡಗಿನ ವೇಗಕ್ಕೆ ಏಳು ಗಂಟೆಯ ದಾರಿ. ರಾತ್ರಿ ಎರಡರ ಹೊತ್ತಿಗೆ ಎಬ್ಬಿಸುತ್ತೇನೆಂದು ಹೇಳಿ ಮಲಗಿಸಿದೆ. ಒಂದೂವರೆಗೆ ನಾನು ಏಣಿ ಇಳಿಯುವಷ್ಟರಲ್ಲಿ ಅವರು ಶಾಲು ಹೊದ್ದು ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಕೋಣೆಯ ದೀಪ ಆರಿಸಿದೆವು. ಹೊರಗೆ ಕಪ್ಪು; ಕಪ್ಪಿನಲ್ಲಿ ಅಲ್ಲಲ್ಲಿ ಮೀನುಗಾರಿಕೆಯ ದೋಣಿಗಳ ದೀಪಗಳು, ನೀರಿಗೆ ಬಿದ್ದ ಮಿಣುಕುಹುಳುಗಳಂತೆ. ಅವುಗಳಾಚೆ, ಬಹು ದೂರದಲ್ಲಿ, ಆಕಾಶದ ಅಂಚಿಗೆ ಮಬ್ಬು ಹಳದಿ. ಅದರ ಪಕ್ಕದಲ್ಲಿ ಒಂದು ಬೆಳಕು ಹೊಳೆದು ಆರುತ್ತಿತ್ತು, ಮತ್ತೆ ಹೊಳೆಯುತ್ತಿತ್ತು.

“ಅದು ನಮ್ಮ ಭಟ್ಕಳದ ದೀಪಸ್ತಂಭ ಏನು?”

ಇರಬಹುದು ಎಂದೆ. ನೇತ್ರಾಣಿ ದ್ವೀಪದ ಹೊರಗಿನಿಂದ ಹಡಗು ಸಾಗುತ್ತಿರಬಹುದು, ಶಿರಾಲಿ ಅದರ ಸ್ವಲ್ಪ ಎಡಕ್ಕೆ ಇರಬೇಕು ಎಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ. ನನ್ನ ಲೆಕ್ಕ ಕೆಲವು ಮೈಲಿ ತಪ್ಪಿದ್ದರೂ ತಪ್ಪಿರಬಹುದು. ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. “ನಿಮ್ಮಪ್ಪ ಇಷ್ಟು ಸಣ್ಣದು ಕಾಣತೈತಿ ಅಂತ ತಿಳ್ಕೊಂಡಿರಲಿಲ್ಲ” ಎಂದರು. ಆಮೇಲೆ ಮೂರು ಗಂಟೆಯವರೆಗೆ ಕುಳಿತಿದ್ದರು. ಬೆಳಕು ಹಿಂದೆ ಸರಿದು ಕಾಣದಾದ ಮೇಲೂ ಕುಳಿತಿದ್ದರು. ಮಂಡಿನೋವಿನ ಅವರನ್ನು ಆ ಅಪರಾತ್ರಿ ಮೇಲಿನ ಅಟ್ಟದ ಗಾಳಿಗೆ ಕರೆದೊಯ್ಯುವುದು ಆಗದ ಮಾತು; ಒಳಕೋಣೆಯಲ್ಲಾದರೆ ಗೋಡೆಯೇ ಗತಿ. ಆ 12 ಸಾವಿರದ ಬಗ್ಗೆ ನನಗೆ ಎರಡು ಮಾತಿಲ್ಲ.

ಮೂರನೆಯ ದಿನದ ಮಾತನ್ನು ಮುಚ್ಚಿಡಬಾರದು. ಇಡೀ ಹಗಲು ಸಮುದ್ರದ ಮೇಲೆ; ಮೇಲಿನ ಅಟ್ಟದ ಕುರ್ಚಿಗಳೆಲ್ಲ ಬೆಳಿಗ್ಗೆಯೇ ತುಂಬಿದ್ದವು, ಧ್ವನಿವರ್ಧಕದ ಅಬ್ಬರ ಬೇರೆ. ಕೋಣೆಗೆ ಮರಳಿದರೆ ಗಾಜಿನಾಚೆ ನೀಲಿ ನೀರು ಕುಣಿಯುತ್ತಿದೆ, ಗಾಳಿ ಮಾತ್ರ ಯಂತ್ರದ್ದು. ಮಧ್ಯಾಹ್ನದ ಹೊತ್ತಿಗೆ ಪತ್ನಿ ಗಾಜಿಗೆ ಹಣೆಯಿಟ್ಟು, “ಈಗ ಒಂದು ಬಾಲ್ಕನಿ ಇದ್ದಿದ್ದರ” ಎಂದಳು. ಆ ದಿನದ ಮಟ್ಟಿಗೆ ಮಗನ ಮಾತೇ ಸರಿಯಾಗಿತ್ತು. ಸಮುದ್ರದ ಮೇಲೆ ಮೂರು ನಾಲ್ಕು ಹಗಲುಗಳು ಇಡಿಯಾಗಿ ಕಳೆಯುವ ದೀರ್ಘ ಯಾನವಾದರೆ, ತಲೆಸುತ್ತಿನ ಉಪದ್ರವವಿಲ್ಲದವರಾದರೆ, ನಾನೂ ಬಾಲ್ಕನಿಗೆ ಹಣ ತೆಗೆದಿಡುತ್ತೇನೆ.

ಕೊಚ್ಚಿಯಲ್ಲಿ ಇಳಿದು ರೈಲಿನಲ್ಲಿ ಭಟ್ಕಳಕ್ಕೆ ಮರಳಿದೆವು. ಮಗ ಬಾಲ್ಕನಿಗೆಂದು ಕಳಿಸಿದ್ದ ಹಣದಲ್ಲಿ ಉಳಿದ 43 ಸಾವಿರವನ್ನು ಹಿಂದಿರುಗಿಸಲು ಹೋದರೆ ಅವನು ಒಪ್ಪುತ್ತಿಲ್ಲ. ಅಜ್ಜಿ ಹೇಳಿದಂತೆ ಆಗಲಿ ಎನ್ನುತ್ತಾನೆ. ಅಜ್ಜಿ ಇನ್ನೂ ಏನೂ ಹೇಳಿಲ್ಲ. ಮೊನ್ನೆ ಸಂಜೆ ಅಳ್ವೆಕೋಡಿಯಲ್ಲಿ ಕುಳಿತಿದ್ದಾಗ ದಿಗಂತದಲ್ಲಿ ದೀಪಗಳ ಸಾಲೊಂದು ದಕ್ಷಿಣಕ್ಕೆ ಸರಿಯುತ್ತಿತ್ತು. ಅವರು ನನ್ನ ತೋಳು ಮುಟ್ಟಿ ಕೇಳಿದರು: “ಆ ಹಡಗಿನ್ಯಾಗ ಎಡಗಡೆ ಖೋಲಿ ಯಾರು ತಗೊಂಡಾರೋ ಏನೋ, ಅಲ್ಲ ತಮ್ಮಾ?”