ಏಳು ದಿನ, ಒಂದೂವರೆ ಕಿವಿ

ಏಪ್ರಿಲ್ ಹತ್ತನೇ ತಾರೀಕು ನಮ್ಮ ಶಾಲೆಗಳಲ್ಲಿ ಫಲಿತಾಂಶ ಹೇಳುವ ದಿನ. ಪಾಸಾದ ಮಕ್ಕಳು ಚಾಕಲೇಟು ಹಂಚಿ ಓಡಿದ ಮೇಲೆ, ಕೋಣೆಗೆ ಬೀಗ ಹಾಕಿ ಮನೆಗೆ ಬರುವಾಗ ನಮಗೂ ಮಕ್ಕಳಷ್ಟೇ ಸಂತೋಷ. ಮೂವತ್ತು ವರ್ಷದಿಂದ ಆ ಸಂತೋಷವನ್ನು ನಾನು ಹಪ್ಪಳ ಸಂಡಿಗೆಗೂ ನೆಂಟರಿಷ್ಟರ ಮದುವೆಗಳಿಗೂ ಧಾರೆ ಎರೆದವಳು. 2025ರ ಏಪ್ರಿಲ್‌ನಲ್ಲಿ ಮಾತ್ರ ಹಾಗೆ ಮಾಡಲಿಲ್ಲ. “ರೀ, ಹನ್ನೆರಡಕ್ಕೆ ಬೆಂಗಳೂರಿಗೆ ಹೋಗ್ತೀನಿ. ಒಂದು ವಾರ ಕಛೇರಿ ಇದೆ” ಎಂದೆ.

ನಮ್ಮವರು ಪೇಪರಿನಿಂದ ತಲೆ ಎತ್ತಿ, “ಯಾವ ಕಛೇರಿ? ಕಮಿಷನರ್ ಕಛೇರೀನಾ? ಪೆನ್ಷನ್ ಕಾಗದ ಈಗಲೇ ಶುರುವಾಯ್ತಾ?” ಎಂದರು. ಸಂಗೀತ ಕಛೇರಿ ಎಂದು ತಿಳಿದ ಮೇಲೆ ಅವರು ಮತ್ತೆ ಪೇಪರಿನೊಳಗೆ ಹೋದರು. ಪಕ್ಕದ ಮನೆಯಾಕೆ ಬಿಡಬೇಕಲ್ಲ! “ಒಬ್ಬರೇ ಹೋಗ್ತೀರಾ ಮೇಡಮ್? ನಿಮಗೆ ಸಂಗೀತ ಬರುತ್ತಾ?”

“ಹಾಡೋಕೆ ಬರಲ್ಲ ಕಣ್ರೀ, ಕೇಳೋಕೆ ಬರುತ್ತೆ” ಎಂದೆ.

ಅದನ್ನು ಕಲಿಸಿದವಳು ನನ್ನ ಅಮ್ಮ. ಅವಳೂ ಹಾಡಿದವಳಲ್ಲ. ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಪಾತ್ರೆ ಬೆಳಗಿ, ಒಲೆ ಸಾರಿಸಿ, ರೇಡಿಯೊ ಮುಂದೆ ಕಾಲು ನೀಡಿ ಕೂರುತ್ತಿದ್ದಳು. “ಒಂದ್ಸಲ ಬೆಂಗಳೂರಿನ ರಾಮೋತ್ಸವದಲ್ಲಿ ಎದುರಿಗೇ ಕೂತು ಕೇಳ್ಬೇಕು ಕಣೇ” ಎನ್ನುತ್ತಿದ್ದಳು. ನಾನು ನೌಕರಿಗೆ ಸೇರಿದ ಮೇಲೆ, “ಮುಂದಿನ ವರ್ಷ ಹೋಗೋಣಮ್ಮ” ಎಂದು ಮಾತು ಕೊಟ್ಟೆ. 1996ರ ಏಪ್ರಿಲ್‌ನಲ್ಲಿ ಲೋಕಸಭೆಯ ಚುನಾವಣೆ ಬಂತು, ಮೇಷ್ಟ್ರುಗಳಿಗೆಲ್ಲ ಡ್ಯೂಟಿ. ಆಮೇಲೆ ನನ್ನ ಬಾಣಂತನ, ಮಾವನವರ ಕಾಯಿಲೆ, ಮನೆ ಕಟ್ಟುವ ಸಾಲ. 2004ರ ಏಪ್ರಿಲ್‌ನಲ್ಲಿ ಮತ್ತೆ ಚುನಾವಣೆ. ಅಷ್ಟರಲ್ಲಿ ಅಮ್ಮನ ಕಿವಿ ಮಂದವಾಗುತ್ತ ಬಂದು, ಕೊನೆಗೆ ಹತ್ತಿರ ನಿಂತು ಕೂಗಿದರೂ ಕೇಳದಂತಾಯಿತು. ಆದರೂ ಶನಿವಾರ ರಾತ್ರಿ ರೇಡಿಯೊ ಹಾಕಿಸಿಕೊಂಡು, ಅದರ ಮೇಲೆ ಅಂಗೈ ಇಟ್ಟು ಕೂರುತ್ತಿದ್ದಳು. “ಏನಮ್ಮ ಮಾಡ್ತಿದೀಯ?” ಎಂದು ಕೈಸನ್ನೆ ಮಾಡಿದರೆ ಸುಮ್ಮನೆ ನಗುತ್ತಿದ್ದಳು. ನಾನು ವಯಸ್ಸಾದವರ ಅರಳುಮರಳು ಎಂದುಕೊಂಡಿದ್ದೆ. 2012ರಲ್ಲಿ ಅಮ್ಮ ಹೋದಳು. ರಾಮೋತ್ಸವ “ಮುಂದಿನ ವರ್ಷ”ದಲ್ಲೇ ಉಳಿಯಿತು.

ಈಗ ನನ್ನ ಸರದಿ. ತರಗತಿಯ ಎಡಗಡೆ ಕೂರುವ ಮಕ್ಕಳ ಉತ್ತರವನ್ನು ಎರಡೆರಡು ಸಲ ಕೇಳತೊಡಗಿದಾಗ ಹಾಸನದಲ್ಲಿ ಡಾಕ್ಟರಿಗೆ ತೋರಿಸಿದೆ. ಎಡಗಿವಿಯಲ್ಲಿ ಅರ್ಧದಷ್ಟು ಹೋಗಿದೆ, ಬಲಗಿವಿ ಸದ್ಯಕ್ಕೆ ಪರವಾಗಿಲ್ಲ, ಇಂಥ ಕಿವುಡಿನಲ್ಲಿ ಮೇಲಿನ ಸ್ಥಾಯಿಯ ಸಣ್ಣ ಸದ್ದುಗಳು ಮೊದಲು ಮಾಯವಾಗುತ್ತವೆ ಎಂದರು. ಬಸ್ಸಿನಲ್ಲಿ ಬರುತ್ತ ಲೆಕ್ಕ ಹಾಕಿದೆ, ಒಂದೂವರೆ ಕಿವಿ ಉಳಿದಿದೆ. ಅದಿರುವಾಗಲೇ ಕೇಳಿಬಿಡಬೇಕು.

ಹೊರಡುವುದೇನೂ ಈಗ ಮೊದಲಿನಷ್ಟು ಕಷ್ಟವಲ್ಲ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನ–ಬೆಂಗಳೂರು ರೈಲು ಬಂತು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಹಳೇಕೋಟೆಯಿಂದ ಹೊಳೆನರಸೀಪುರ, ಅಲ್ಲಿಂದ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ – ಆಧಾರ್ ಕಾರ್ಡು ತೋರಿಸಿಕೊಂಡು ಹೋಗಿ, ಹನುಮಂತನಗರದಲ್ಲಿರುವ ತಂಗಿಯ ಮಗಳ ಮನೆಯಲ್ಲಿ ಇಳಿದುಕೊಂಡೆ. “ದೊಡ್ಡಮ್ಮ, ಮೊಬೈಲಲ್ಲೇ ಎಲ್ಲಾ ಕಛೇರಿ ಸಿಗುತ್ತಲ್ಲ” ಎಂದಳು ಅವಳು. ಸಿಗುತ್ತದೆ, ನಿಜ. ಮದುವೆಯೂಟದ ಫೋಟೋ ಕೂಡ ಸಿಗುತ್ತದೆ!

ರಾಮನವಮಿಗೂ ಸಂಗೀತಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಸಂಗೀತಕ್ಕೇ ಹೆಸರಾದದ್ದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಶ್ರೀರಾಮಸೇವಾ ಮಂಡಳಿ ಆರಂಭಿಸಿದರು. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಅವರು ನಡೆಸಿಕೊಂಡು ಬಂದ ಉತ್ಸವದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರು, ಯೇಸುದಾಸರು ಹಾಡಿದ್ದಾರೆ. ನಮ್ಮಂಥ ಉಪಾಧ್ಯಾಯಿನಿಯರಿಗೆ ಅನುಕೂಲವೆಂದರೆ, ಈ ಉತ್ಸವ ಹಬ್ಬದ ದಿನಕ್ಕೇ ಮುಗಿಯದೆ ತಿಂಗಳುಗಟ್ಟಲೆ ನಡೆಯುತ್ತದೆ. ಫಲಿತಾಂಶ ಹೇಳಿ ಹೊರಟರೂ ಪಾನಕ ಆರಿರುವುದಿಲ್ಲ. ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಎರಡನೇ ನಿಲ್ದಾಣ, ಕೃಷ್ಣರಾಜೇಂದ್ರ ಮಾರುಕಟ್ಟೆ. ಅಲ್ಲಿಂದ ಮೈದಾನ ದೂರವಿಲ್ಲ.

ನನ್ನಂತೆ ಹೊರಡಬೇಕೆನ್ನುವ ಅಕ್ಕತಂಗಿಯರಿಗೆ, ಕಲಿತ ಒಂದೆರಡು ಪಾಠ ಹೇಳಿಬಿಡುತ್ತೇನೆ.

ಏಳು ದಿನವಿದೆ ಎಂದು ಏಳು ಕಛೇರಿ ಕೇಳಲು ಹೋಗಬೇಡಿ. ನಾನು ಐದು ಕೇಳಿದೆ. ಕಿವಿಯೂ ಹೊಟ್ಟೆಯಂತೆಯೇ, ಅರಗಲು ಬಿಡುವು ಬೇಕು. ಐದರಲ್ಲಿ ಎರಡು ದೊಡ್ಡ ಹೆಸರಿನವರದ್ದು, ಎರಡು ಕಿರಿಯರದ್ದು, ಒಂದು ಬರಿಯ ವಾದ್ಯ – ವೀಣೆಯೋ ಕೊಳಲೋ – ಇರಲಿ. ಹಲವು ಕಡೆ ಮುಂದಿನ ಸಾಲಿಗೆ ಟಿಕೆಟ್ಟೋ ಪಾಸೋ ಬೇಕಾಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಬಡಾವಣೆಗಳ ದೇವಸ್ಥಾನದ ರಾಮೋತ್ಸವಗಳಲ್ಲಿ ಯಾರೂ ಕೇಳುವುದಿಲ್ಲ, ಕೋಸಂಬರಿ ಬೇರೆ ಸಿಗುತ್ತದೆ. ಏಪ್ರಿಲ್‌ನಲ್ಲಿ ಹೋಗಲಾಗದಿದ್ದರೆ ಬೇಸರ ಬೇಡ. ಕೆ.ಆರ್. ರಸ್ತೆಯಲ್ಲಿ 1905ರಿಂದ ಇರುವ ಬೆಂಗಳೂರು ಗಾಯನ ಸಮಾಜವಿದೆ.

ಅರ್ಧ ಗಂಟೆ ಮೊದಲೇ ಹೋಗಿ. ಪಿಟೀಲಿನವರು ತಂತಿ ಬಿಗಿಯುವುದು, ಮೃದಂಗದವರು ಕಲ್ಲಿನಿಂದ ಅಂಚು ತಟ್ಟಿ ಶ್ರುತಿ ಕೂಡಿಸುವುದು, ಎಲ್ಲವೂ ತಂಬೂರಿಯೊಳಗೆ ಕರಗಿ ಒಂದಾಗುವುದು – ಅದನ್ನು ಕೇಳುತ್ತ ಕೂತರೆ ಮನೆಯ ಗ್ಯಾಸು, ಹಾಲು, ಕರೆಂಟು ಬಿಲ್ಲು ತಾವಾಗಿ ಹಿಂದೆ ಸರಿಯುತ್ತವೆ.

ಎಲ್ಲಿ ಕೂರಬೇಕು? ನಮ್ಮ ಎದುರಿಗೆ ನೋಡಿದರೆ ಸಾಮಾನ್ಯವಾಗಿ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು. ನನ್ನ ಒಳ್ಳೆಯ ಕಿವಿ ವೇದಿಕೆಯ ಕಡೆಗಿರಬೇಕಾದರೆ ನಾನು ಎಡಬದಿಯಲ್ಲೇ ಕೂರಬೇಕು. ಹೀಗಾಗಿ ಮೃದಂಗ ಹತ್ತಿರವಾಯಿತು, ಪಿಟೀಲು ದೂರವಾಯಿತು. ಮೊದಲ ದಿನ ಇದಕ್ಕೆ ಕಣ್ಣಲ್ಲಿ ನೀರು ಬಂತು. ಗಾಯಕಿ ಬಿಟ್ಟ ಎಳೆಯನ್ನು ಪಿಟೀಲು ಎತ್ತಿಕೊಂಡು ತಾರಸ್ಥಾಯಿಗೆ ಹೋದಾಗ ಸಭೆಯೆಲ್ಲ “ಆಹಾ” ಎಂದಿತು. ನನಗೆ ಕಮಾನು ಆಡುವುದು ಕಂಡಿತು, ಸ್ವರ ಅರ್ಧವೇ ಕೇಳಿತು.

ಪಕ್ಕದಲ್ಲಿ ಕೂತ ಹಿರಿಯಾಕೆ ನಿತ್ಯ ಬರುವವರು. “ಯಾವೂರಮ್ಮ?” ಎಂದರು. “ಹೊಳೆನರಸೀಪುರದ ಹತ್ತಿರ ಹಳೇಕೋಟೆ” ಎಂದೆ. “ಹಾಗಾದ್ರೆ ರುದ್ರಪಟ್ಟಣದ ಕಡೆಯೋರು! ಸಂಗೀತದ ಸೀಮೆಯೋರು” ಎಂದು ಜಾಗ ಬಿಟ್ಟುಕೊಟ್ಟರು. ನನಗೆ ನಾಚಿಕೆಯಾಯಿತು. 2011ರಲ್ಲಿ ಪದ್ಮಭೂಷಣ ಪಡೆದು, ತೊಂಬತ್ತು ದಾಟಿದ ಮೇಲೂ ಹಾಡಿದ ಆರ್.ಕೆ. ಶ್ರೀಕಂಠನ್ ಅವರ ಹೆಸರಿನ ‘ಆರ್’ ರುದ್ರಪಟ್ಟಣವೇ. ರುದ್ರಪಟ್ಟಣ ಸಹೋದರರು, ಆರ್.ಕೆ. ಪದ್ಮನಾಭ ಅವರು ಎಲ್ಲರ ಮೂಲ ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ಆ ಒಂದೇ ಹಳ್ಳಿ. ಪದ್ಮನಾಭರು ಅಲ್ಲಿ ತಂಬೂರಿಯ ಆಕಾರದಲ್ಲಿ ಸಪ್ತಸ್ವರಗಳಿಗೆ ಗುಡಿ ಕಟ್ಟಿಸಿದ್ದಾರೆ. ಪರೀಕ್ಷೆಗೆ ಈ ಪ್ರಶ್ನೆ ಕೊಟ್ಟಿದ್ದರೆ ಪೂರ್ತಿ ಅಂಕ ತೆಗೆಯುತ್ತಿದ್ದೆ. ಆದರೆ ಅರ್ಧ ದಿನದಲ್ಲಿ ಹೋಗಿಬರಬಹುದಾದ ಆ ಊರಿಗೆ ಕಾಲಿಟ್ಟಿರಲಿಲ್ಲ! ಅಮ್ಮನನ್ನು ಅಲ್ಲಿಗಾದರೂ ಕರೆದೊಯ್ಯಬಹುದಿತ್ತಲ್ಲ ಎನ್ನುವುದು ಅಂದಿನ ಕಛೇರಿಯುದ್ದಕ್ಕೂ ಕೊರೆಯಿತು.

ಆ ಹಿರಿಯಾಕೆಯೇ ನನಗೆ ತಾಳ ಹಿಡಿಯುವುದನ್ನು ತಿದ್ದಿದ್ದು. ಆದಿತಾಳ ನಮ್ಮ ಮಗ್ಗಿಗಿಂತ ಸುಲಭ. ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು–ಹುಸಿ, ಪೆಟ್ಟು–ಹುಸಿ. ಒಟ್ಟು ಎಂಟು. ಮೃದಂಗದ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುವವರು ಬಹಳ. ನೀವು ಏಳಬೇಡಿ. ತೊಡೆಯ ಮೇಲೆ ಎಂಟು ಎಣಿಸುತ್ತ ಕೂತು ನೋಡಿ. ಎಲ್ಲಿಗೆಲ್ಲಿಗೋ ಹೋದ ಆ ಕೈ ಪಲ್ಲವಿಯ ಎತ್ತುಗಡೆಗೆ ಸರಿಯಾಗಿ ಬಂದು ಬಿದ್ದಾಗ, ಕಳೆದುಹೋದ ಮಗು ಮನೆ ಬಾಗಿಲಿಗೆ ಬಂದಂತಾಗುತ್ತದೆ.

ನಾಲ್ಕನೆಯ ಸಂಜೆ ನನಗೆ ಮರೆಯಲಾಗದ್ದು. ತನಿ ನಡೆಯುತ್ತಿತ್ತು, ಅಶ್ವಿನಿ ಮಳೆ ಬಂತು. ಬಂತು ಎಂದರೆ ಹಾಗಿಷ್ಟು ಬರಲಿಲ್ಲ, ಚಪ್ಪರದ ತಗಡಿನ ಮೇಲೆ ಭತ್ತ ಸುರಿದಂತೆ ಬಂತು. ಧ್ವನಿವರ್ಧಕವಿದ್ದೂ ಏನೇನೂ ಕೇಳದು. ಮೃದಂಗದವರು ಒಮ್ಮೆ ಮೇಲೆ ನೋಡಿ, ನಕ್ಕು, ನುಡಿಸುವುದನ್ನು ಬಿಡಲಿಲ್ಲ. ಆಗ ಸುತ್ತ ನೋಡಿದೆ. ಯಾರೂ ಎದ್ದಿರಲಿಲ್ಲ. ನೂರಾರು ಕೈಗಳು ಒಟ್ಟಿಗೇ ಪೆಟ್ಟು, ಎಣಿಕೆ, ಹುಸಿ ಹಾಕುತ್ತಿದ್ದವು. ಕೇಳಿಸದ ಮೃದಂಗಕ್ಕೆ ತಾಳ! ಹಿರಿಯಾಕೆ ನನ್ನ ಕೈ ಎತ್ತಿ, ಮುಂದಿನ ಕಬ್ಬಿಣದ ಕುರ್ಚಿಯ ಬೆನ್ನಿನ ಮೇಲೆ ಇಟ್ಟರು. ಅಂಗೈಯೊಳಗೆ ಸಣ್ಣಗೆ ನಡುಕ ಬಂತು, ನಿಂತಿತು, ಮತ್ತೆ ಬಂತು. ಮಳೆಯದ್ದೋ, ಧ್ವನಿವರ್ಧಕದ್ದೋ, ಮೃದಂಗದ್ದೋ ಹೇಳಲಾರೆ. ಆ ಹತ್ತು ನಿಮಿಷ ಚಪ್ಪರದೊಳಗಿನ ಎಲ್ಲರಿಗೂ ನನ್ನ ಎಡಗಿವಿಯೇ ಇತ್ತು. ಶನಿವಾರದ ರಾತ್ರಿ ರೇಡಿಯೊ ಮೇಲಿನ ಅಮ್ಮನ ಕೈ ಏನು ಮಾಡುತ್ತಿತ್ತು ಎಂದು ಆಗ ತಿಳಿಯಿತು. ಅರಳುಮರಳಾಗಿದ್ದು ಅವಳಿಗಲ್ಲ, ನನಗೆ.

ಮಳೆ ನಿಂತ ಮೇಲೆ ಗಾಯಕಿ ಯಮುನಾ ಕಲ್ಯಾಣಿಯಲ್ಲಿ ವ್ಯಾಸರಾಯರ ಕೃಷ್ಣನನ್ನು ಕರೆದರು. ಕಡೆಗೆ ಮಂಗಳ. ಆ ಹೊತ್ತಿಗೆ ಚಪ್ಪಲಿ ಹುಡುಕುವವರು ಅರ್ಧ ಜನ. ನಾನು ಕೂತೇ ಕೇಳಿದೆ. ಆಟೋ ಸಿಗುವುದು ತಡವಾಯಿತು, ಅಷ್ಟೇ.

ಹತ್ತೊಂಬತ್ತಕ್ಕೆ ಊರಿಗೆ ಮರಳಿದೆ. ಬೇಸಿಗೆ ಮುಗಿಯುವುದರೊಳಗೆ ರುದ್ರಪಟ್ಟಣವನ್ನೂ ನೋಡಿಬಂದೆ. ಪಕ್ಕದ ಮನೆಯಾಕೆಯೂ ಜೊತೆಗೆ ಬಂದರು. ಸಪ್ತಸ್ವರದ ಗುಡಿಯಲ್ಲಿ ಅಮ್ಮನ ಹೆಸರು ಹೇಳಿ ಕೈಮುಗಿದೆ. ಡಾಕ್ಟರು ಬರೆದುಕೊಟ್ಟ ಶ್ರವಣಯಂತ್ರಕ್ಕೆ ದುಡ್ಡು ಕೂಡಿಡುತ್ತಿದ್ದೇನೆ. ಅದು ಸಂಗೀತವನ್ನು ಎಷ್ಟು ಕೇಳಿಸುತ್ತದೋ ನೋಡಬೇಕು. ಮಿಕ್ಕಿದ್ದಕ್ಕೆ ಅಂಗೈ ಇದೆ.

ಬೆಂಗಳೂರಿನಿಂದ ಬಂದ ದಿನ ನಮ್ಮವರು ಬಸ್‌ಸ್ಟ್ಯಾಂಡಿನಲ್ಲಿ ಚೀಲ ಇಸಿದುಕೊಂಡು ಕೇಳಿದರು, “ಏನೇ, ಕಛೇರಿ ಕೆಲಸ ಆಯ್ತಾ?”

“ಎಲ್ಲಿ ರೀ, ಕಛೇರಿ ಕೆಲಸ ಒಂದೇ ಸಲಕ್ಕೆ ಆಗುತ್ತಾ? ಮುಂದಿನ ವರ್ಷ ಮತ್ತೆ ಹೋಗಬೇಕು” ಎಂದೆ. ಈ ಸಲದ “ಮುಂದಿನ ವರ್ಷ”ವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೂ ಇಟ್ಟಿದ್ದೇನೆ.