ಕೊಂಬಿರೋ ಕರಡಿ

ಮೊನ್ನೆ ಭಾನುವಾರ ಹಾಸ್ಟೆಲ್ ಹುಡುಗರ ಜೊತೆ ಕೂತಿದ್ವಿ. ಸ್ಕಾಲರ್‌ಶಿಪ್ ಅರ್ಜಿ ತುಂಬೋಕೆ ಅಂತ ಲ್ಯಾಪ್‌ಟಾಪ್ ತೆಗೆದೆ. ಅದರ ಮೇಲೆ ಬಾಬಾಸಾಹೇಬರ ಪಕ್ಕದಲ್ಲಿ ಒಂದು ಕರಡಿ ಸ್ಟಿಕ್ಕರ್ ಇದೆ. ಪಿಯುಸಿ ಹುಡುಗನೊಬ್ಬ ಕೇಳಿದ, "ಅಣ್ಣಾ, ಈ ಕರಡಿಗೆ ಕೊಂಬು ಯಾಕೈತೆ?"

"ಅದು ನಾನೇ ಕಣೋ" ಅಂದೆ. ಎಲ್ರೂ ನಕ್ಕರು. ಅವತ್ತು ಪೂರ್ತಿ ಹೇಳೋಕಾಗ್ಲಿಲ್ಲ, ಇಲ್ಲಿ ಹೇಳ್ತೀನಿ. ಹೋರಾಟ ಮಾಡೋರು ಗೇಮ್ ಆಡ್ತಾರಾ ಅಂತ ಕೆಲವರು ಮೂಗು ಮುರೀಬಹುದು. ಮುರೀಲಿ ಬಿಡಿ.

2020ರ ಲಾಕ್‌ಡೌನ್. ಹಗಲೆಲ್ಲ ರೇಷನ್ ಕಿಟ್ ಹಂಚೋದು. ರಾತ್ರಿ ಕಣ್ಣು ಮುಚ್ಚಿದ್ರೆ ಹಗಲು ಕಂಡ ಮುಖಗಳೇ. ರೂಮ್‌ಮೇಟ್ ಒಂದು ಚಟ ಹಚ್ಚಿದ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಲ್ಲಿ ಬಂದ ಆಟ. ಅದರ ಹಳೇ ರೂಪವನ್ನೇ 2019ರಲ್ಲಿ 'ಕ್ಲಾಸಿಕ್' ಅಂತ ಮತ್ತೆ ಬಿಟ್ಟಿದ್ರು. ಯೋಧ, ಪುರೋಹಿತ, ಬೇಟೆಗಾರ, ಹೀಗೆ ಒಂದು ಪಾತ್ರ ಆರಿಸ್ಕೋಬೇಕು. ನಾನು ಆರಿಸಿದ್ದು ಡ್ರೂಯಿಡ್. ಕಾಡಿನ ಶಕ್ತಿ ಇರೋನು, ರೂಪ ಬದಲಾಯಿಸೋನು. ಕರಡಿಯಾಗಿ ಮುಂದೆ ನಿಂತು ಏಟು ತಿಂತಾನೆ. ದೊಡ್ಡ ಬೆಕ್ಕಾಗಿ ಹೊಂಚು ಹಾಕ್ತಾನೆ. ನೀರಿಗಿಳಿದ್ರೆ ಕಡಲಸಿಂಹ, ಓಡಬೇಕಂದ್ರೆ ಚೀತಾ. ತನ್ನ ನಿಜರೂಪದಲ್ಲಿ ನಿಂತು ಬೇರೆಯವರ ಗಾಯ ವಾಸಿ ಮಾಡ್ತಾನೆ.

ಶುರುವಿನಲ್ಲೇ ನಗು ಬಂತು. ಆ ಲೋಕದ ಎಂಟು ಕುಲಗಳಲ್ಲಿ ಎರಡು ಕುಲದವರು ಮಾತ್ರ ಡ್ರೂಯಿಡ್ ಆಗಬಹುದು: ನೈಟ್ ಎಲ್ಫ್ ಮತ್ತು ಟಾರೆನ್. ಓರ್ಕ್ ಆಗಿ ಹುಟ್ಟಿದ್ರೆ ಎಷ್ಟೇ ಆಸೆ ಇದ್ರೂ ಇಲ್ಲ. ಹುಟ್ಟು ನೋಡಿ ಕಸುಬು! ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬಿಡಿಸಿ ತೋರಿಸಿದ್ದು ಇದನ್ನೇ ಅಲ್ವಾ? ಆದ್ರೆ ಮೂಲ ಆಟದಲ್ಲಿ 2010ಕ್ಕೆ ಇನ್ನೆರಡು ಕುಲಕ್ಕೂ ಬಾಗಿಲು ತೆಗೆದ್ರು. ಅವರಿಗೆ ಆರು ವರ್ಷ ಸಾಕಾಯ್ತು.

ನಾನು ಟಾರೆನ್ ಆದೆ. ಹೋರಿ ತಲೆ, ದೊಡ್ಡ ಕೊಂಬು.

ಡ್ರೂಯಿಡ್ ಹಾಕೋದು ತೊಗಲಿನ ರಕ್ಷಾಕವಚ. ಹಾಗಾಗಿ ಚರ್ಮ ಸುಲಿಯೋದು, ತೊಗಲು ಕೆಲಸ, ಎರಡೂ ಕಲಿಯೋದೇ ಲಾಭ ಅಂದ ರೂಮ್‌ಮೇಟ್. ಅವನಿಗೆ ಗೊತ್ತಿರ್ಲಿಲ್ಲ. ನಮ್ಮ ತಾತ ಮೆಟ್ಟು, ಮಿಣಿ, ತಮಟೆ ಮಾಡ್ತಿದ್ದೋರು. ತೊಗಲು ಹದ ಮಾಡೋ ಗುಂಡಿ ನಮ್ಮ ಕೇರಿ ಹಿಂದೇನೇ ಇತ್ತು. ಶಾಲೇಲಿ ನನ್ನ ಪಕ್ಕ ಕೂರೋರು ಮೂಗು ಮುಚ್ಕೊಳ್ತಿದ್ರು. ನಮ್ಮಪ್ಪ ಆ ಕೆಲಸ ಬಿಟ್ಟು ಗಾರೆ ಕೆಲಸಕ್ಕೆ ಹೋದ್ರು. ನನಗೆ ಹೇಳಿದ್ದು ಒಂದೇ ಮಾತು: "ಬೆಂಗಳೂರಲ್ಲಿ ಯಾರಾದ್ರೂ ಕೇಳಿದ್ರೆ ವ್ಯವಸಾಯ ಅನ್ನು."

ಅಂಥ ನಾನು ಆಟದಲ್ಲಿ ಮಂಡಿಯೂರಿ ಸತ್ತ ಪ್ರಾಣಿಯ ಚರ್ಮ ಸುಲಿದೆ. ಪರಿಣತಿ 1ರಿಂದ 300ರ ತನಕ ಏರಿತು. ತೋಳದ ತಲೆಯ ಒಂದು ಟೋಪಿ ಇದೆ, ವುಲ್ಫ್ಸ್‌ಹೆಡ್ ಹೆಲ್ಮ್ ಅಂತ. ಬೆಕ್ಕಿನ ರೂಪದಲ್ಲಿ ಹೋರಾಡೋ ಡ್ರೂಯಿಡ್‌ಗಳು ಅದಕ್ಕೆ ಪ್ರಾಣ ಬಿಡ್ತಾರೆ. ಮಾಡೋನು ತೊಗಲು ಕೆಲಸದವನೇ. ಎಲ್ಲೆಲ್ಲಿಂದಲೋ ಮೆಸೇಜ್ ಬರ್ತಿತ್ತು: ಪ್ಲೀಸ್ ಮಾಡ್ಕೊಡಿ, ಕೂಲಿ ಎಷ್ಟು, ಥ್ಯಾಂಕ್ಸ್. ಆ ಕಸುಬಿಗೆ ನಮ್ಮ ತಾತನಿಗೆ ಒಬ್ಬರೂ ಥ್ಯಾಂಕ್ಸ್ ಹೇಳಿದ್ದು ನಾನು ಕಂಡಿಲ್ಲ. ಆಟದ ತೊಗಲಿಗೆ ವಾಸನೆ ಇಲ್ಲ, ಅದೂ ನಿಜ.

ನಮ್ಮ ಗಿಲ್ಡ್‌ನಲ್ಲಿ ಬೆಂಗಳೂರಿನ ಇನ್ನೊಬ್ಬ ಕನ್ನಡಿಗ ಇದ್ದ. ಪಾತ್ರ: ಪುರೋಹಿತ. ನಗಬೇಡಿ, ನಿಜ. ನಲವತ್ತು ಜನ ಸೇರಿ ದೊಡ್ಡ ಯುದ್ಧಕ್ಕೆ ಹೋದಾಗ ಡ್ರೂಯಿಡ್‌ಗೆ ಒಂದು ಕೆಲಸ ಕಾಯಂ: ಇನ್ನರ್ವೇಟ್ ಅನ್ನೋ ಮಂತ್ರ ಹಾಕಿ ಪುರೋಹಿತನ ಶಕ್ತಿ ತುಂಬಿಸೋದು. ಅದನ್ನೂ ಮಾಡ್ದೆ. ವಾಯ್ಸ್ ಚಾಟ್‌ನಲ್ಲಿ ಕನ್ನಡ ಕೇಳಿದ್ರೆ ಎಷ್ಟು ಖುಷಿ ಆಗ್ತಿತ್ತು. ಒಂದಿನ ಅವನು ಶುರು ಮಾಡ್ದ. "ಯಾವೂರು ನಿಮ್ದು? ಊರಲ್ಲಿ ಯಾವ ಕಡೆ? ಮನೆದೇವ್ರು ಯಾವ್ದು?"

ಈ ಮೂರು ಪ್ರಶ್ನೆಯ ಗುರಿ ಏನು ಅಂತ ಇದನ್ನ ಓದ್ತಿರೋ ನಿಮಗೆ ಹೇಳಬೇಕಿಲ್ಲ.

"ತಿರುಪತಿ ತಿಮ್ಮಪ್ಪ" ಅಂದೆ. ನಮ್ಮದು ಮಾರಮ್ಮ.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಬಾಡಿಗೆ ಮನೆಗಾಗಿ ಸಸ್ಯಾಹಾರಿ ಆಗಿದ್ದೆ, ಕೋಳಿ ಮೂಳೇನ ಕವರ್‌ನಲ್ಲಿ ಕಟ್ಟಿ ಬಸ್‌ಸ್ಟಾಂಡ್ ಹತ್ರ ಎಸೀತಿದ್ದೆ. ಹಳೇ ಕೆಲಸದಲ್ಲಿ ಅಪ್ಪನ ಕಸುಬು ಕೇಳಿದಾಗ ವ್ಯವಸಾಯ ಅಂದಿದ್ದೆ. ವೇದಿಕೆ ಮೇಲೆ ಮೈಕ್ ಹಿಡಿದು ಸ್ವಾಭಿಮಾನ ಅಂತ ಕೂಗೋ ನಾನು, ಮುಖಾನೂ ಕಾಣದ ಒಂದು ದನಿಗೆ ಹೆದರಿ ದೇವರನ್ನ ಬದಲಾಯಿಸಿದ್ದೆ.

ಆಗ ತಲೆಗೆ ಬಂದಿದ್ದು ಆ ಕರಡಿ. ಟಾರೆನ್ ಕರಡಿಯಾದ್ರೂ ಕೊಂಬು ಹೋಗಲ್ಲ. ಬೆಕ್ಕಾದ್ರೂ ಹೋಗಲ್ಲ. ಯಾರು ನೋಡಿದ್ರೂ ಇವನು ಟಾರೆನ್ ಅಂತ ತಿಳಿಯುತ್ತೆ. ರೂಪ ಬದಲಾಯಿಸೋದು ಅವನ ವಿದ್ಯೆ, ಬಚ್ಚಿಟ್ಕೊಳ್ಳೋದಲ್ಲ. ನಾನು ಮಾಡ್ತಿದ್ದಿದ್ದು ಕೊಂಬು ಕುಯ್ಕೊಳ್ಳೋ ಕೆಲಸ.

ಇನ್ನೊಂದು ವಿಷಯ. ಕರಡಿ ರೂಪದಲ್ಲಿ ಶಕ್ತಿ ಬರೋದು ಸಿಟ್ಟಿನಿಂದ. ಆ ಸಿಟ್ಟನ್ನೇ ಜೀವವಾಗಿ ಮಾಡ್ಕೊಂಡು ಹತ್ತು ಸೆಕೆಂಡ್ ಉಳಿಯೋ ವಿದ್ಯೆ ಇದೆ. ಅದು ತನಗೆ ಮಾತ್ರ. ಪಕ್ಕದವನ ಗಾಯ ವಾಸಿ ಮಾಡೋಕೆ, ಸತ್ತೋನನ್ನ ಯುದ್ಧದ ಮಧ್ಯೆ ಎಬ್ಬಿಸೋಕೆ ನಿಜರೂಪಕ್ಕೆ ಬರಲೇಬೇಕು. ಬಹಳ ವರ್ಷ ನಾನು ಸಿಟ್ಟಿನ ಮೇಲೇ ಬದುಕಿದ್ದೆ.

ಮುಂದಿನ ವಾರ ಹೇಳಿಬಿಟ್ಟೆ. "ಅವತ್ತು ಸುಳ್ಳು ಹೇಳ್ದೆ. ನಮ್ಮನೆ ದೇವ್ರು ಮಾರಮ್ಮ. ನಾವು ಮಾದಿಗರು. ನಿಮ್ಮ ಫ್ರೆಂಡ್‌ಗೆ ಟೋಪಿ ಮಾಡ್ಕೊಟ್ಟೆನಲ್ಲ, ಆ ಕೆಲಸ ನಮ್ಮ ತಾತಂದು."

"ಓ... ಓಕೆ" ಅಂದ. ಬೈಯಲಿಲ್ಲ. ಗಿಲ್ಡ್ ಬಿಡಲಿಲ್ಲ. ಅವತ್ತಿಂದ ನನ್ನ ಜೊತೆ ಕನ್ನಡ ಮಾತಾಡೋದು ನಿಲ್ಲಿಸ್ದ. ಬರೀ ಇಂಗ್ಲಿಷ್. ಅವನು ಬಿದ್ದಾಗ ಕರಡಿ ರೂಪ ಬಿಟ್ಟು ನಾನೇ ಎಬ್ಬಿಸ್ತಿದ್ದೆ. ಅದಕ್ಕೆ ಪ್ರತಿ ಸಲ ಒಂದು ಬೀಜ ಖರ್ಚಾಗುತ್ತೆ. ಅವನು "ಥ್ಯಾಂಕ್ಸ್" ಅಂತಿದ್ದ.

ಅದೇ ವಾರ ಅಪ್ಪನಿಗೆ ಫೋನ್ ಮಾಡಿ ಆಟದ ವಿಷಯ ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ. "ಹದ ಹೆಂಗೆ ಮಾಡ್ತಾರೋ ಅದ್ರಲ್ಲಿ?" ಅಂದ್ರು.

"ಉಪ್ಪು ಹಾಕ್ತಾರಪ್ಪ."

"ಬರೀ ಉಪ್ಪಾ? ಉಪ್ಪು ಕೊಳೀದೆ ಇರ್ಲಿ ಅಂತ ಅಷ್ಟೆ ಕಣೋ. ಮೊದ್ಲು ಸುಣ್ಣದ ನೀರಲ್ಲಿ ನೆನೆಹಾಕ್ಬೇಕು, ಕೂದ್ಲು ಹೆರೀಬೇಕು, ಒಳಗಿನ ಮಾಂಸ ಕೆರೀಬೇಕು. ಆಮೇಲೆ ತಂಗಡಿ ಚಕ್ಕೆ ನೀರು. ಅವಾಗ ಬರೋದು ಹದ."

ಅರ್ಧ ಗಂಟೆ ಮಾತಾಡಿದ್ರು. ಹುಟ್ಟಿದಾಗಿಂದ ಅಪ್ಪನ ಬಾಯಲ್ಲಿ ಆ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ತಾತನ ಕೈಯ ಮೆಟ್ಟು ಮಳೆಗಾಲ ಎರಡು ಕಳೆದ್ರೂ ಹರೀತಿರ್ಲಿಲ್ಲ ಅಂತ ಹೇಳುವಾಗ ದನಿ ಬೇರೆ ಆಗಿತ್ತು.

ಅದಕ್ಕೇ ಕಣೋ ತಮ್ಮಾ, ಆ ಕರಡಿಗೆ ಕೊಂಬು. ನೀನು ನಾಳೆ ಬೆಂಗಳೂರಿಗೆ ಬರ್ತೀಯ. ರೂಮ್ ಹುಡುಕ್ತೀಯ, ಕೆಲಸ ಹುಡುಕ್ತೀಯ, ನಿನ್ನನ್ನೂ ಊರು, ಕಡೆ, ದೇವ್ರು ಕೇಳ್ತಾರೆ. ಮೊದಲ ಸಲ ಸುಳ್ಳು ಹೇಳಿದ್ರೆ ನಿನ್ನ ಮೇಲೆ ನೀನು ಬೇಜಾರು ಮಾಡ್ಕೋಬೇಡ. ಮನೆ ಸಿಗಬೇಕಲ್ಲ. ನಿಜ ಹೇಳೋ ದಿನ ನನಗೊಂದು ಫೋನ್ ಮಾಡು, ಅಷ್ಟೆ. ಎಷ್ಟೊತ್ತಾದ್ರೂ ಪರವಾಗಿಲ್ಲ. ರಾತ್ರಿ ನಾನು ಎದ್ದೇ ಇರ್ತೀನಿ.

ಜೈಭೀಮ್.